ಹನ್ನೊಂದು ಜನಕ್ಕೆ ಒಂದೇ ಜರ್ಸಿ

ಪಿಯುಸಿ ಹುಡುಗನೊಬ್ಬ ಕ್ರಿಕೆಟ್ ಬಗ್ಗೆ ಬರೆದ ಪ್ರಬಂಧದಲ್ಲಿ ‘ದ ಟೀಮ್ ಆರ್ ವೇರಿಂಗ್ ದೇರ್ ನ್ಯೂ ಜರ್ಸೀಸ್’ ಎಂಬ ಸಾಲಿತ್ತು. ತಿದ್ದಿದ ಸಹೋದ್ಯೋಗಿ ‘ಆರ್’ ಹೊಡೆದು ‘ಈಸ್’ ಮಾಡಿ ಅರ್ಧ ಅಂಕ ಕಳೆದಿದ್ದರು. ವಾದ ಮಾಡಿ ಅದನ್ನು ವಾಪಸು ಕೊಡಿಸಿದೆ. ಹನ್ನೊಂದು ಜನ ಒಂದೇ ಜರ್ಸಿಯೊಳಗೆ ತೂರುವುದು ಹೇಗೆ, ಸ್ವಾಮಿ?

‘ಇಂಗ್ಲೆಂಡ್ ಆರ್ 120 ಫಾರ್ 3’ ಎನ್ನುವ ಕಾಮೆಂಟರಿ ಕೇಳಿ ಬೆಳೆದ ಮಕ್ಕಳು ಇವರು. ಬ್ರಿಟಿಷರಿಗೆ ಟೀಮ್, ಫ್ಯಾಮಿಲಿ, ಕಮಿಟಿಗಳಲ್ಲಿ ಒಳಗಿನ ಜನ ಕಂಡರೆ ಬಹುವಚನ, ಇಡೀ ಗುಂಪು ಕಂಡರೆ ಏಕವಚನ. ಅಮೆರಿಕನ್ನರು ಹೆಚ್ಚಾಗಿ ಏಕವಚನಕ್ಕೇ ಅಂಟಿಕೊಳ್ಳುತ್ತಾರೆ. ತಮಾಷೆಯೆಂದರೆ, ಅವರ ದೇಶದ ಹೆಸರೇ ಒಂದು ಕಾಲದಲ್ಲಿ ಬಹುವಚನವಾಗಿತ್ತು. ಗುಲಾಮಗಿರಿ ರದ್ದು ಮಾಡಿದ, ಅವರ ಸಂವಿಧಾನದ 1865ರ ಹದಿಮೂರನೆಯ ತಿದ್ದುಪಡಿ ಯುನೈಟೆಡ್ ಸ್ಟೇಟ್ಸಿಗೆ ‘ದೇರ್’ (ಅವುಗಳ) ಎಂಬ ಬಹುವಚನವನ್ನೇ ಬಳಸುತ್ತದೆ. ಇಂದು ಹಾಗೆ ಬರೆದರೆ ಅಲ್ಲಿಯ ಮೇಷ್ಟರೂ ಕೆಂಪು ಪೆನ್ನು ತೆಗೆದಾರು.

ಅದೇ ಹುಡುಗ ಮುಂದಿನ ಸಾಲಿನಲ್ಲಿ ‘ದೀಸ್ ಟೀಮ್’ ಎಂದಿದ್ದ. ಅಲ್ಲಿ ನಾನೇ ಅಂಕ ಕಳೆಯಿರಿ ಎಂದೆ. ಕ್ರಿಯಾಪದಕ್ಕಿರುವ ಸಲಿಗೆ ಡಿಟರ್ಮಿನರ್‌ಗಿಲ್ಲ, ಅಂದರೆ ನಾಮಪದಕ್ಕೆ ಮೊದಲು ಬರುವ ‘ದಿಸ್’, ‘ದೀಸ್’, ‘ಎ’, ‘ದ’ಗಳಂಥ ಪದಗಳಿಗಿಲ್ಲ. ‘ದಿಸ್ ಟೀಮ್ ಆರ್’ ಎನ್ನುವ ಬ್ರಿಟಿಷರೂ ‘ದೀಸ್ ಟೀಮ್’ ಎನ್ನುವುದಿಲ್ಲ. ಕ್ರಿಯಾಪದ ಆಟಗಾರರನ್ನು ನೋಡುತ್ತದೆ, ಡಿಟರ್ಮಿನರ್ ಪಕ್ಕದ ಪದದ ರೂಪವನ್ನಷ್ಟೇ ನೋಡುತ್ತದೆ. ‘ಎವ್ರಿ’, ‘ಈಚ್’ ಬಂದರಂತೂ ಕ್ರಿಯಾಪದವೂ ಏಕವಚನಕ್ಕೆ ಇಳಿಯುತ್ತದೆ: ‘ಎವ್ರಿ ಟೀಮ್ ಹ್ಯಾಸ್’.

ನಮ್ಮ ಮಕ್ಕಳು ಇಲ್ಲಿ ಎಡವುವುದು ಸಹಜ. ಈ ಹುಡುಗ, ಈ ಹುಡುಗರು, ಈ ತಂಡ: ಕನ್ನಡದ ‘ಈ’ಗೆ ಲೆಕ್ಕದ ಗೊಡವೆಯೇ ಇಲ್ಲ. ಹಾಗಾಗಿ ‘ಆರ್’ ಬರೆದ ಕೈ ಅದಕ್ಕೆ ಹೊಂದಲಿ ಎಂದು ‘ದೀಸ್’ ಬರೆದುಬಿಡುತ್ತದೆ.

ಪೊಲೀಸ್, ಕ್ಯಾಟಲ್‌ಗಳದು ಉಲ್ಟಾ ಕಥೆ. ರೂಪ ಏಕವಚನದಂತೆ ಕಂಡರೂ ‘ದ ಪೊಲೀಸ್ ಆರ್’, ‘ದೀಸ್ ಕ್ಯಾಟಲ್’. ಒಬ್ಬ ಪೇದೆಯನ್ನು ‘ಎ ಪೊಲೀಸ್’ ಎನ್ನುವ ನಮ್ಮ ಊರಿನ ರೂಢಿಯನ್ನು ಬಿಡಿಸಲು ಹೋಗಿ ನನಗಂತೂ ಸಾಕಾಗಿದೆ.

ಡಿಟರ್ಮಿನರ್ ಬದಲಾದರೆ ಕ್ರಿಯಾಪದವೂ ತಿರುಗುವ ಜಾಗವೊಂದಿದೆ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆ್ಯಬ್ಸೆಂಟ್’ ಎಂದರೆ ಹಲವರು ಬಂದಿಲ್ಲ ಎಂದು, ಮಾತು ಮಕ್ಕಳದು. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’ ಎಂದರೆ ಮಾತು ಸಂಖ್ಯೆಯದು. ಮರುದಿನ ಇವೆರಡನ್ನೂ ಬೋರ್ಡಿನ ಮೇಲೆ ಬರೆದು, ‘ಎ’ ಮತ್ತು ‘ದ’ಗಳಿಗೆ ಮಾತ್ರ ಬಣ್ಣದ ಸೀಮೆಸುಣ್ಣ ಬಳಸಿದೆ.