ಹಸಿದ ಆಳಿನ ಆಟ: ಟೆಕ್ಸಸ್‌ನಿಂದ ಕೊಲರಾಡೋಗೆ

ವಾಕ್ಸಹ್ಯಾಚಿ, ಮೇ ಕೊನೆ

ಆಟ ಒಂದು ಹದಕ್ಕೆ ಬಂದಿದೆ. ಇಬ್ಬರೇ ಪಾತ್ರಧಾರಿಗಳು: ಜಿಪುಣ ಒಡೆಯ ಪ್ಯಾಂಟಲೋನೆ, ಅವನ ಹಸಿದ ಆಳು ಝಾನಿ. 25 ನಿಮಿಷ, ದಿನಕ್ಕೆ ನಾಲ್ಕು ಸಲ. ಒಡೆಯನ ವೇಷ ನನ್ನ ಜೋಡಿಯದು; ಅಮೆರಿಕದ ರಿನೈಸಾನ್ಸ್ ಮೇಳಗಳಲ್ಲೇ ತಲೆ ನರೆಸಿಕೊಂಡ ಕಲಾವಿದೆ. ಆಳು ನಾನು. ಇಲ್ಲಿನ ಸ್ಕಾರ್‌ಬರೋ ಮೇಳದ ಸೀಸನ್ ಮುಗಿಯಿತು. ಟ್ರೇಲರಿಗೆ ಸಾಮಾನು ತುಂಬುತ್ತಿದ್ದೇವೆ, ಮುಂದಿನ ಬಿಡಾರ ಕೊಲರಾಡೋದ ಲಾರ್ಕ್‌ಸ್ಪರ್. ಹೊರಡುವ ಮುಂಚೆ ಏನೇನು ಕುದುರಿತು, ಏನು ಬಾಕಿಯಿದೆ ಎಂದು ಬರೆದಿಡುತ್ತೇನೆ.

ಈ ಮೇಳಗಳನ್ನು ನೋಡಿರದವರಿಗೆ ಎರಡು ಮಾತು. ಬಯಲಲ್ಲಿ ನಾಲ್ಕೈದು ಶತಮಾನ ಹಿಂದಿನ ಯೂರೋಪಿನ ಊರೊಂದನ್ನು ಕಟ್ಟಿ, ಆ ಕಾಲದ ವೇಷ ತೊಟ್ಟು ವಾರಾಂತ್ಯಗಳಲ್ಲಿ ನಡೆಸುವ ಸಂತೆಗಳಿವು. 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫಿಲಿಸ್ ಪ್ಯಾಟರ್ಸನ್ ಎಂಬ ಶಿಕ್ಷಕಿ ಮತ್ತು ಅವರ ಗಂಡ ರಾನ್ ಸೇರಿ ಕೆಪಿಎಫ್‌ಕೆ ರೇಡಿಯೋಗೆ ಹಣ ಕೂಡಿಸಲು ಒಂದು ವಾರಾಂತ್ಯದ ಸಂತೆ ನಡೆಸಿದರು. ಎಲ್ಲ ಶುರುವಾದದ್ದು ಅಲ್ಲಿಂದ. ಅದಕ್ಕೂ ಮುಂಚೆ ಫಿಲಿಸ್ ತಮ್ಮ ಮನೆಯ ಹಿತ್ತಲಲ್ಲಿ ಮಕ್ಕಳಿಂದ ಆಡಿಸುತ್ತಿದ್ದದ್ದು ಕಾಮೆಡಿಯಾ ದೆಲ್ ಆರ್ಟೆ, 16ನೇ ಶತಮಾನದ ಇಟಲಿಯ ಮುಖವಾಡದ ಹಾಸ್ಯನಾಟಕ. ನಾವಿಬ್ಬರು ಆಡುತ್ತಿರುವುದೂ ಅದನ್ನೇ. ಈಗ ಕಲಾವಿದರು ಹವೆ ನೋಡಿಕೊಂಡು ಊರು ಬದಲಿಸುತ್ತಾರೆ: ಫೆಬ್ರವರಿ, ಮಾರ್ಚ್‌ನಲ್ಲಿ ಅರಿಜೋನಾ, ಏಪ್ರಿಲ್, ಮೇ ಇಲ್ಲಿ, ಬೇಸಿಗೆಗೆ ಕೊಲರಾಡೋ ಅಥವಾ ವಿಸ್ಕಾನ್ಸಿನ್‌ನ ಬ್ರಿಸ್ಟಲ್, ಆಮೇಲೆ ಮಿನೆಸೋಟ ಇಲ್ಲವೇ ಮೇರಿಲ್ಯಾಂಡ್, ಅಕ್ಟೋಬರ್ ಬಂದರೆ ಮತ್ತೆ ಟೆಕ್ಸಸ್, ಟಾಡ್ ಮಿಷನ್. ಜಾದೂಗಾರರಾದ ಪೆನ್ ಮತ್ತು ಟೆಲ್ಲರ್ ಮೊದಲು ಜೊತೆಯಾಗಿ ಆಡಿದ್ದು 1975ರಲ್ಲಿ ಮಿನೆಸೋಟದ ಮೇಳದಲ್ಲಿ. ಬ್ಯಾಗ್‌ಪೈಪಿನ ಸದ್ದು, ಪಕ್ಕದ ಕುದುರೆ ಕಾಳಗದ ಕೇಕೆ, ಇವುಗಳ ನಡುವೆ ಜನರನ್ನು ಬೆಂಚಿನ ಮೇಲೆ ಕೂರಿಸಿಕೊಂಡವರಿಗೆ ಬೇರೆ ಯಾವ ರಂಗವೂ ಭಾರವಾಗುವುದಿಲ್ಲ ಎಂದು ನನ್ನ ಜೋಡಿ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ನನಗಿದು ಹೊಟ್ಟೆಪಾಡಲ್ಲ, ಆದರೆ ಬರೀ ಹವ್ಯಾಸ ಅಂದರೂ ಕಡಿಮೆಯಾದೀತು. ವಾರದ ದಿನಗಳಲ್ಲಿ ಟ್ರೇಲರಿನ ಮಡಚುವ ಮೇಜಿನ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ವೇಷ. ಕೆಲಸದ ವೀಸಾದಲ್ಲಿದ್ದಷ್ಟು ಕಾಲ ಪ್ರೇಕ್ಷಕರು ಕೊಡುವ ಒಂದು ಡಾಲರನ್ನೂ ಮುಟ್ಟುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆಯೇ ಊರೂರು ತಿರುಗುವ ಈ ಆಸೆಗೆ ಕಾಲು ಬಂತು.

ದನಿ

ಈ ಸೀಸನ್ನಿನ ದೊಡ್ಡ ಗಳಿಕೆ ಝಾನಿಯ ದನಿ. ಇಟಲಿಯ ಮೂಲದಲ್ಲಿ ಝಾನಿ ಅಂದರೆ ಬೆರ್ಗಾಮೋದ ಗುಡ್ಡಗಳಿಂದ ವೆನಿಸ್‌ಗೆ ಮೂಟೆ ಹೊರಲು ಇಳಿದು ಬಂದವನು. ಅವನ ಊರ ಮಾತು ಪಟ್ಟಣದವರಿಗೆ ಅರ್ಧಂಬರ್ಧ ತಿಳಿಯುತ್ತದೆ, ಹಸಿವು ಮಾತ್ರ ಪೂರ್ತಿ ತಿಳಿಯುತ್ತದೆ. ಏಪ್ರಿಲ್ ಮೊದಲಲ್ಲಿ ನಾನು ಮೇಳದ ಎಲ್ಲರಂತೆ ಹಳೆಯ ಇಂಗ್ಲಿಷಿನ ಧಾಟಿ ಹಿಡಿದಿದ್ದೆ. ಒಂದು ದಿನ ಜೋಡಿ ಕೇಳಿದರು: "ಹೊಟ್ಟೆ ಚುರ್ ಅಂದಾಗ ನಿನ್ನ ಮನೆಯಲ್ಲಿ ಯಾವ ಮಾತು ಬರುತ್ತಿತ್ತು?" ಅವತ್ತು ಮಧ್ಯಾಹ್ನದ ಆಟದಲ್ಲಿ ಝಾನಿ ಕುಂದಾಪ್ರ ಕನ್ನಡಕ್ಕೆ ಇಳಿದ. "ಒಡೇರೆ, ಉಂಬುಕೆ ಎಂತ ಇತ್ತ್?"

ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಬೋರಲು ಹಾಕಿದ ಬಟ್ಟಲು. ಯಾರಿಗೂ ಅನುವಾದ ಬೇಕಾಗಲಿಲ್ಲ. ಅದೇ ಮಾತು ಮೂರನೇ ಸಲ ಬರುವ ಹೊತ್ತಿಗೆ ಮುಂದಿನ ಸಾಲಿನ ಟೆಕ್ಸಸ್ ಮಕ್ಕಳೇ "ಎಂತ ಇತ್ತ್" ಎಂದು ಕೂಗಿ ಒಡೆಯನನ್ನು ಕೇಳತೊಡಗಿದವು. ಈಗ ಝಾನಿ ಅರ್ಧ ಇಂಗ್ಲಿಷ್, ಅರ್ಧ ಕುಂದಾಪ್ರದವನು. ಒಡೆಯ ಮಾತ್ರ ಅಚ್ಚುಕಟ್ಟಾದ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ. ಆ ಅಂತರದಲ್ಲೇ ನಗು ಹುಟ್ಟುತ್ತಿದೆ.

ಡಾಲಸ್‌ನಲ್ಲಿ ಮಗಳ ಮನೆಗೆ ಬಂದಿದ್ದ ಕೋಟದ ಕಡೆಯ ಹಿರಿಯರೊಬ್ಬರು ಆಟ ಮುಗಿದ ಮೇಲೆ ಮುಂದೆ ಬಂದು, "ಹಾಸ್ಯಗಾರ್ರ್ ಯಾವ ಮೇಳದವ್ರ್?" ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಅವರು ಕೇಳಿದ್ದು ಎಷ್ಟು ಸರಿ! ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳಷ್ಟೇ ಬರೆದಿಟ್ಟವು, ಅರ್ಥವನ್ನು ವೇಷಧಾರಿ ಅಲ್ಲೇ ಕಟ್ಟಿಕೊಳ್ಳಬೇಕು. ಕಾಮೆಡಿಯಾದಲ್ಲೂ ಕಥೆಯ ಹಂದರವನ್ನು ಬರೆದು ತೆರೆಯ ಹಿಂದೆ ತೂಗುಹಾಕುತ್ತಿದ್ದರು, ಮಾತೆಲ್ಲ ರಂಗದ ಮೇಲೆಯೇ ಹುಟ್ಟುತ್ತಿತ್ತು. ರಾತ್ರಿ ಬಯಲಾಟದ ಚೌಕಿಯ ಪಕ್ಕ ಕೂತು ಹಾಸ್ಯಗಾರರನ್ನು ನೋಡುತ್ತ ಬೆಳೆದದ್ದು ಇಲ್ಲಿ ನನ್ನನ್ನು ಕಾಪಾಡುತ್ತಿದೆ.

ಮುಖವಾಡ

ಅರ್ಧ ಮುಖವಾಡ, ಬಾಯಿ ಮಾತಿಗೆ ತೆರೆದೇ ಇರುತ್ತದೆ. ಮರದಲ್ಲಿ ಕೆತ್ತಿದ ಅಚ್ಚಿನ ಮೇಲೆ ಒದ್ದೆ ತೊಗಲನ್ನು ಎಳೆದು, ಬಡಿದು, ಒಣಗಿಸುವುದು. ಮರೆತೇಹೋಗುತ್ತಿದ್ದ ಈ ವಿದ್ಯೆಯನ್ನು 20ನೇ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿದವರು ಪಾದುವಾದ ಅಮ್ಲೇತೋ ಸಾರ್ತೋರಿ. ನನ್ನದನ್ನು ನಾನೇ ಮಾಡಿಕೊಂಡಿದ್ದೇನೆ. ಟೆಕ್ಸಸ್ ಬಿಸಿಲಿಗೆ ಬೆವರು ಇಳಿದರೆ ತೊಗಲು ಮೆತ್ತಗಾಗಿ ಮೂಗು ಜೋಲುತ್ತದೆ. ಒಳಗೆ ಅರಗಿನ ವಾರ್ನಿಶ್ ತೆಳುವಾಗಿ ಬಳಿದ ಮೇಲೆ ದಿನವಿಡೀ ನಿಂತಿತು. ಇನ್ನು ನೋಟ: ಕಣ್ಣು ಹೊರಳಿಸಿದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ, ಮೂಗೇ ದಿಕ್ಕು ತೋರಿಸಬೇಕು. ಮೂಗು ಮೊದಲು ಬಟ್ಟಲಿಗೆ, ಆಮೇಲೆ ಜನರಿಗೆ, ಆಮೇಲೆ ಒಡೆಯನಿಗೆ. ಈ ಸರದಿ ಮೈಗೆ ಹತ್ತಲು ಬಹಳ ವಾರ ಹಿಡಿಯಿತು, ಹತ್ತಿದ ಮೇಲೆ ಅರ್ಧದಷ್ಟು ಮಾತನ್ನೇ ಕಿತ್ತುಹಾಕಿದೆವು.

ಹ್ಯಾಟ್

ಮೇಳದವರು ಒಂದಿಷ್ಟು ಸಂಭಾವನೆ ಕೊಡುತ್ತಾರೆ, ಆದರೆ ತಿರುಗಾಟದ ಕಲಾವಿದರು ಬದುಕುವುದು ಆಟದ ಕೊನೆಗೆ ಹ್ಯಾಟಿನಲ್ಲಿ ಬೀಳುವ ಹಣದಿಂದ. ಸಾಮಾನ್ಯವಾಗಿ ಕಥೆ ಮುಗಿಸಿ, ಪಾತ್ರದಿಂದ ಹೊರಬಂದು, ನಾಲ್ಕು ಮಾತಾಡಿ ಹ್ಯಾಟ್ ಹಿಡಿಯುತ್ತಾರೆ. ಅಷ್ಟರಲ್ಲಿ ಹಿಂದಿನ ಬೆಂಚಿನವರು ಎದ್ದಿರುತ್ತಾರೆ. ನಾವು ಕಥೆಯನ್ನು ಅಲ್ಲಿ ಮುಗಿಸುತ್ತಲೇ ಇಲ್ಲ. ಒಡೆಯ ತಿಜೋರಿಗೆ ಬೀಗ ಹಾಕಿ ಸಂಬಳ ಇಲ್ಲ ಅನ್ನುತ್ತಾನೆ. ಝಾನಿಯ ಬಟ್ಟಲು ಖಾಲಿ. ಆ ಬಟ್ಟಲೇ ನಮ್ಮ ಹ್ಯಾಟ್. ಜನ ಹಾಕುವುದು ಆಳಿನ ಕೂಲಿ. ಒಡೆಯ ಹಿಂದಿನಿಂದ ಕೈ ಹಾಕಲು ಬಂದರೆ ಮಕ್ಕಳು ಕಿರುಚಿ ಹಿಡಿದುಕೊಡುತ್ತವೆ. ಬಟ್ಟಲು ತುಂಬಿದ ಮೇಲೆಯೇ ಕೊನೆಯ ಲಾಟ್ಸೊ, ಅಂದರೆ ಮೊದಲೇ ಪಳಗಿಸಿಟ್ಟ ಹಾಸ್ಯದ ತುಣುಕು: ಹಸಿವಿನಿಂದ ನೊಣ ಹಿಡಿದು, ರೆಕ್ಕೆ ಕಿತ್ತು, ರಾಜಭೋಜನದಂತೆ ತಿನ್ನುವ ಆ ಹಳೆಯ ಆಟ. ಅದಕ್ಕಾಗಿ ಜನ ಕೂತಿರುತ್ತಾರೆ, ಕೊಟ್ಟವರೂ ಕೊಡದವರೂ ಒಟ್ಟಿಗೆ ನಗುತ್ತ ಏಳುತ್ತಾರೆ. ಕೊಡಲಾಗದವರಿಗೆ ಮುಜುಗರ ಆಗಬಾರದು ಎಂಬುದು ನನಗೆ ಬಹಳ ಮುಖ್ಯ.

ಸ್ಕಾರ್‌ಬರೋದ ಕಥೆಯಲ್ಲಿ ಕಾಲ 1533, ದೊರೆ ಎಂಟನೇ ಹೆನ್ರಿ. ಅದಾಗಿ ಹನ್ನೆರಡು ವರ್ಷಕ್ಕೆ, 1545ರ ಫೆಬ್ರವರಿಯಲ್ಲಿ, ಪಾದುವಾದಲ್ಲಿ ಎಂಟು ನಟರು ಒಂದು ಕರಾರು ಬರೆದುಕೊಂಡರು. ವೃತ್ತಿ ನಾಟಕ ತಂಡದ್ದೆಂದು ಉಳಿದಿರುವ ಅತಿ ಹಳೆಯ ದಾಖಲೆಗಳಲ್ಲಿ ಅದೊಂದು. ದುಡಿಮೆಯೆಲ್ಲ ಒಂದೇ ಪೆಟ್ಟಿಗೆಗೆ, ಕಾಯಿಲೆ ಬಿದ್ದವರಿಗೆ ಅದರಿಂದಲೇ ನೆರವು, ಸಾಮಾನು ಹೊರಲು ಒಟ್ಟು ಹಣದಿಂದ ಒಂದು ಕುದುರೆ. ಇದನ್ನು ತಿಳಿದ ವಾರವೇ ನಾವೂ ಒಂದು ಪೆಟ್ಟಿಗೆ ಇಟ್ಟೆವು. ಡೀಸೆಲ್, ಟೈರು, ತೊಗಲು, ಔಷಧಿ ಅದರಿಂದ, ಉಳಿದದ್ದು ಸಮಪಾಲು. ಇಬ್ಬರ ನಡುವೆ ಲೆಕ್ಕದ ಮಾತೇ ಈಗ ಬರುವುದಿಲ್ಲ.

ದಾರಿ ಮತ್ತು ಲಾರ್ಕ್‌ಸ್ಪರ್

ಮೇಳದ ಹಿಂದಿನ ಬಿಡಾರವೇ ಒಂದು ಊರು. ಗುರುವಾರದ ಸಂಜೆ ಒಬ್ಬರು ಬೂಟು ಹೊಲಿಯುತ್ತಾರೆ, ಇನ್ನೊಬ್ಬರು ಕತ್ತಿವರಸೆ ತಿದ್ದುತ್ತಾರೆ, ಮಕ್ಕಳು ಡೇರೆಗಳ ನಡುವೆ ಚೆಂಡು ಹಾರಿಸುವುದು ಕಲಿಯುತ್ತವೆ. ನಾನು ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿದರೆ ಬಟ್ಟಲು ಹಿಡಿದು ಬರುವವರ ಸಾಲೇ ನಿಲ್ಲುತ್ತದೆ.

ಇಲ್ಲಿಂದ 287ನೇ ಹೆದ್ದಾರಿ ಹಿಡಿದು ಅಮರಿಲ್ಲೋ, ಅಲ್ಲಿಂದ ರಟೋನ್ ಕಣಿವೆ ದಾಟಿ ಕೊಲರಾಡೋ. ಟ್ರೇಲರ್ ಎಳೆದುಕೊಂಡು ಒಂದೇ ದಿನಕ್ಕೆ ಮುಗಿಸುವ ಆತುರ ನಮಗಿಲ್ಲ. ಲಾರ್ಕ್‌ಸ್ಪರ್ 6,500 ಅಡಿಗೂ ಮೇಲಿದೆ, ಮುಖವಾಡ ಹಾಕಿಕೊಂಡು ಓಡಿದರೆ ಉಸಿರು ಬೇಗ ಸೋಲುತ್ತದೆ. ನೊಣದ ಬೆನ್ನಟ್ಟುವಿಕೆಯನ್ನು ಮೊಟಕು ಮಾಡಿ, ಕೂತಲ್ಲೇ ಬೆರಳಿನಲ್ಲಿ ಆಡುವಂತೆ ಈ ವಾರ ಹೊಸದಾಗಿ ಕಟ್ಟುತ್ತಿದ್ದೇವೆ. ಮಧ್ಯಾಹ್ನದ ಮೇಲೆ ಅಲ್ಲಿ ಗುಡುಗು, ಆಲಿಕಲ್ಲು ಸಾಮಾನ್ಯ. ಮಿಂಚಿದರೆ ಆಟ ನಿಲ್ಲಲೇಬೇಕು, ಬರೀ ಮಳೆಯಾದರೆ ನಡೆಯುತ್ತದೆ. ಅದಕ್ಕೆ ಹತ್ತು ನಿಮಿಷದ ಒಂದು ಚಿಕ್ಕ ಆಟವೂ ಬೇಕು: ಅದರಲ್ಲಿ ಬಟ್ಟಲಿಗೆ ಮಳೆನೀರು ತುಂಬುತ್ತದೆ, ಒಡೆಯ ಅದಕ್ಕೂ ಬೆಲೆ ಕಟ್ಟುತ್ತಾನೆ.

ಒಡೆಯನ ಮುಖವಾಡದ ಅಚ್ಚು ಕೆತ್ತಿ ಆಗಿದೆ, ತೊಗಲು ಎಳೆಯುವುದು ಜೂನ್ ಮೊದಲ ವಾರ. ನಗದು ಇಟ್ಟುಕೊಳ್ಳದವರಿಗಾಗಿ ಕ್ಯೂಆರ್ ಕೋಡನ್ನು ಗುರಾಣಿಯ ಮೇಲೆ ಲಾಂಛನದಂತೆ ಬರೆಸಿದ್ದೇವೆ. ಬಣ್ಣ ಹೊಳೆಯುವುದರಿಂದ ಇಳಿಬಿಸಿಲಿನಲ್ಲಿ ಫೋನು ಅದನ್ನು ಓದುತ್ತಿಲ್ಲ. ಹೊಳಪಿಲ್ಲದ ವಾರ್ನಿಶ್ ಒಂದು ಡಬ್ಬಿ ಅಮರಿಲ್ಲೋದಲ್ಲಿ ಕೊಳ್ಳಬೇಕು.