ಸೊನ್ನೆಯೊಳಗೆ ಅಡಗಿದ್ದ ಸಂಡಿಗೆ

ಅಮ್ಮನ ಅಡುಗೆ ನೋಟ್‌ಬುಕ್ಕನ್ನು ಹೋದ ವರ್ಷ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಬಿಸಿಲು ಬಂತು, ಅಕ್ಕಿ ಸಂಡಿಗೆಯ ಅಳತೆ ನೋಡೋಣ ಅಂತ ಫೈಲಿನಲ್ಲಿ ‘ಸಂಡಿಗೆ’ ಹುಡುಕಿದೆ. ಸಿಗಲಿಲ್ಲ. ಕಣ್ಣೆದುರಿಗೇ ದಪ್ಪಕ್ಷರದಲ್ಲಿ ಇದೆ, ಕಂಪ್ಯೂಟರ್ ಮಾತ್ರ ಇಲ್ಲ ಅನ್ನುತ್ತದೆ!

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿದ್ದರು. ‘ಸ೦ಡಿಗೆ’. ನೋಡೋಕೆ ಎರಡೂ ಒಂದೇ ಥರ, ಅಲ್ವಾ? ಆದರೆ ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರು ಕೊಡುವ ಯೂನಿಕೋಡಿನಲ್ಲಿ ಅನುಸ್ವಾರದ ನಂಬರು 3202, ಸೊನ್ನೆಯದು 3302.

ಇಷ್ಟೇ ತಾನೇ ಅಂತ ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಅನುಸ್ವಾರ ಮಾಡಿಬಿಟ್ಟೆ. ಸಂಡಿಗೆ ಸಿಕ್ಕಿತು. ಆದರೆ ‘೧೦ ಮೆಣಸಿನಕಾಯಿ’ ಹುಡುಕಿದರೆ ಈಗ ಅದು ಮಾಯ! ಕಂಟ್ರೋಲ್ ಜೆಡ್ ಒತ್ತಿ ಎಲ್ಲ ಮೊದಲಿನಂತೆ ಮಾಡಿ ತಮ್ಮನಿಗೆ ಫೋನ್ ಮಾಡಿದೆ.

“ಸೊನ್ನೆ ಹಿಂದೆ ಏನಿದೆ ಅಂತ ನೋಡ್ಕೊಂಡು ಬದಲಾಯಿಸ್ಬೇಕು ಅಕ್ಕಾ. ರೆಜೆಕ್ಸ್ ಹಾಕು” ಅಂದ. ರೆಜೆಕ್ಸ್ ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಷನ್, ಇಂಥದ್ದೇ ಪದ ಅನ್ನುವ ಬದಲು ಇಂಥ ಮಾದರಿಯದ್ದು ಅಂತ ಹೇಳಿ ಹುಡುಕಿಸುವ ವಿಧಾನ.

ಲಿಬ್ರೆ ಆಫೀಸ್ ರೈಟರ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ಕೆಳಗಿನ ಆಯ್ಕೆಗಳಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಷನ್ಸ್’ಗೆ ಟಿಕ್ ಹಾಕಿದೆ. ಹುಡುಕುವ ಕಡೆ:

([ಅ-ೌ])೦

ಬದಲಿಸುವ ಕಡೆ:

$1ಂ

ಚೌಕ ಕಂಸದೊಳಗಿರುವುದು ಯೂನಿಕೋಡ್ ಸಾಲಿನಲ್ಲಿ 3205ರ ‘ಅ’ದಿಂದ 3276ರ ಔತ್ವದವರೆಗೆ ಯಾವುದಾದರೂ ಒಂದು ಚಿಹ್ನೆ. ವ್ಯಂಜನ, ಗುಣಿತದ ಗುರುತು ಎಲ್ಲ ಇದರಲ್ಲಿ ಬಂದವು. ಅಂಕಿಗಳು ಇದರಾಚೆ ಇರುವುದರಿಂದ ೧೦ಕ್ಕೆ ಏನೂ ಆಗಲ್ಲ. ದುಂಡು ಕಂಸ ಆ ಚಿಹ್ನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, $1 ಅದನ್ನೇ ವಾಪಸ್ ಇಡುತ್ತದೆ. (ಔತ್ವವನ್ನು ಒಂಟಿಯಾಗಿ ಟೈಪ್ ಮಾಡಿದರೆ ಪಕ್ಕದಲ್ಲಿ ಚುಕ್ಕೆಚುಕ್ಕೆಯ ವೃತ್ತ ಕಾಣಿಸಬಹುದು. ನಾನು ಅದನ್ನು ಮೂರು ಸಲ ಅಳಿಸಿದೆ. ಸುಮ್ನೆ ಬಿಟ್ಟುಬಿಡಿ.)

ಇಷ್ಟಾದ ಮೇಲೆ ನೋಡಿದರೆ ಉಲ್ಟಾ ತಪ್ಪೂ ಇತ್ತು. ೧೦೦ ಗ್ರಾಂ ಇರಬೇಕಾದಲ್ಲಿ ಒಂದರ ಮುಂದೆ ಎರಡು ಅನುಸ್ವಾರ. ಅದಕ್ಕೆ ([೦-೯])ಂ ಹುಡುಕಿ $1೦ ಹಾಕಿದೆ. ಒಂದು ಸಲಕ್ಕೆ ಮೊದಲನೆಯದು ಮಾತ್ರ ಸರಿಯಾಯಿತು. ಅದು ಸೊನ್ನೆಯಾದ ಮೇಲೆ ತಾನೇ ಎರಡನೆಯದರ ಹಿಂದೆ ಅಂಕಿ ಬರುವುದು! ಇನ್ನೊಂದು ಸಲ ಓಡಿಸಿದೆ.

‘ಎಲ್ಲ ಬದಲಿಸು’ ಒತ್ತುವ ಮುಂಚೆ ‘ಎಲ್ಲ ಹುಡುಕು’ ಒತ್ತಿ ನೋಡುವ ಬುದ್ಧಿ ಈಗ ಬಂದಿದೆ. ಫೈಲಿನ ಕಾಪಿಯನ್ನೂ ಇಟ್ಟುಕೊಳ್ಳುತ್ತೇನೆ.

ಕೊನೆಗೆ ಅಕ್ಕಿ ಸಂಡಿಗೆಯ ಪುಟ ತೆರೆದೆ. ಅಮ್ಮ ಬರೆದಿದ್ದು: ‘ಅಕ್ಕಿ ಹಿಟ್ಟು ಬೇಕಾದಷ್ಟು, ನೀರು ಹಿಡಿಸಿದಷ್ಟು, ಉಪ್ಪು ರುಚಿಗೆ.’