ದಾರದ ಎಳೆಯಲ್ಲೂ ನೆಲೆಸಿದ ಶಿವ

ರಾವಣನನ್ನು ಬೈಯುತ್ತ ಕಥೆ ಹೇಳುವವರು ಒಂದು ಸಂಗತಿಯನ್ನು ಅವಸರದಲ್ಲಿ ದಾಟಿಬಿಡುತ್ತಾರೆ. ಕೈಲಾಸದಿಂದ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟವನು ಗೋಕರ್ಣದ ದಂಡೆಯಲ್ಲಿ ನಿಂತದ್ದು ದಣಿವಿನಿಂದಲ್ಲ, ಸಂಧ್ಯಾವಂದನೆಯ ಹೊತ್ತಾಯಿತೆಂದು. ನೆಲಕ್ಕಿಟ್ಟರೆ ಲಿಂಗ ಮತ್ತೆ ಏಳದು ಎಂದು ಗೊತ್ತು. ಆದರೂ ಸಂಜೆಯ ಅರ್ಘ್ಯ ತಪ್ಪಿಸಲು ಅವನ ಮನಸ್ಸು ಒಪ್ಪಲಿಲ್ಲ. ವಿಷ್ಣು ತನ್ನ ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದದ್ದು ಆ ನಿಷ್ಠೆಯನ್ನು ನಂಬಿಯೇ. ದೇವತೆಗಳು ಅವನನ್ನು ಹಿಡಿದು ನಿಲ್ಲಿಸಿದ್ದು ಅವನ ದುರಾಸೆಯಿಂದಲ್ಲ, ಅವನ ನೇಮದಿಂದ. ಗೋಕರ್ಣದ ಕಡಲನ್ನು ನೋಡಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದು.

ಮುಂದಿನದು ಉತ್ತರ ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠ. ವಟುವಿನ ವೇಷದ ಗಣಪತಿ, ರಾವಣ ಹಿಡಿದುಕೊಳ್ಳಲು ಕೊಟ್ಟ ಲಿಂಗವನ್ನು ಮೂರು ಸಲ ಕೂಗಿ ನೆಲಕ್ಕಿಟ್ಟ. ಮೋಸ ತಿಳಿದ ರಾವಣ ಅವನ ತಲೆಗೆ ಗುದ್ದಿದ, ಲಿಂಗವನ್ನು ಕೀಳಲು ಹೆಣಗಿದ, ಸೋತ. ಸಿಟ್ಟಿನಲ್ಲಿ ಲಿಂಗದ ಕರಂಡಕ, ಅದರ ಮುಚ್ಚಳ, ಕಟ್ಟಿದ ದಾರ, ಸುತ್ತಿದ ಬಟ್ಟೆ ಎಲ್ಲವನ್ನೂ ದಿಕ್ಕುದಿಕ್ಕಿಗೆ ಎಸೆದ. ಅವು ಬಿದ್ದ ತಾಣಗಳೇ ಕಾರವಾರದ ಶೇಜವಾಡದ ಶೆಜ್ಜೇಶ್ವರ, ಕುಮಟಾ ಬಳಿಯ ಧಾರೇಶ್ವರ, ಹೊನ್ನಾವರದಾಚೆಯ ಗುಣವಂತೆ ಮತ್ತು ಭಟ್ಕಳ ತಾಲ್ಲೂಕಿನ ಮುರುಡೇಶ್ವರ. ಗೋಕರ್ಣ ಸೇರಿ ಇವು ಪಂಚಕ್ಷೇತ್ರ. ಒಂದೇ ದಿನದಲ್ಲಿ ಐದನ್ನೂ ಕಂಡು ಬರುವುದು ವಿಶೇಷ ಫಲವೆಂದು ನಮ್ಮ ಹಿರಿಯರು ನಂಬಿದ್ದರು.

ಆಯಿಗೆ, ಅಂದರೆ ನನ್ನ ತಾಯಿಗೆ, ಈ ಹರಕೆ ಬಹಳ ವರ್ಷಗಳದ್ದು. ಮಾರ್ಗಶಿರದ ಒಂದು ಸೋಮವಾರ ತ್ರಯೋದಶಿಯೂ ಕೂಡಿ ಬಂದಿತು, ಮಕ್ಕಳಿಗೆ ರಜೆಯೂ ಇತ್ತು. ಘಟ್ಟದ ಮೇಲಿನವರಾದ ನಾವು ಹಿಂದಿನ ದಿನವೇ ಇಳಿದು ಕಾರವಾರದಲ್ಲಿ ತಂಗಿದ್ದೆವು. ಚಳಿಗಾಲವೇ ಈ ಯಾತ್ರೆಗೆ ತಕ್ಕ ಕಾಲ. ಮಳೆಗಾಲದಲ್ಲಿ ಕಡಲಿನ ಕಡೆ ಹೋಗಲು ಭಯ, ಬೇಸಿಗೆಯಲ್ಲಿ ಗುಡಿಯ ಅಂಗಳದ ಕಲ್ಲಿಗೆ ಕಾಲಿಡಲಾಗದು. ಮಾರ್ಗಶಿರದಲ್ಲಿ ಮಾತ್ರ ಬರಿಗಾಲಿಗೆ ಆ ಕಲ್ಲು ತಣ್ಣಗೆ ಹಿತವಾಗಿರುತ್ತದೆ, ಗದ್ದೆಗಳ ಮೇಲೆ ಇಬ್ಬನಿ ತೆಳುವಾಗಿ ತೇಲುತ್ತಿರುತ್ತದೆ.

ಶೇಜವಾಡದಲ್ಲಿ ಬೆಳಗಿನ ಪೂಜೆಯ ಗಂಟೆ ಕೇಳಿ, ತೀರ್ಥ ತೆಗೆದುಕೊಂಡು ಹೊರಟೆವು. ಅಲ್ಲಿಂದ ಮುರುಡೇಶ್ವರದವರೆಗೆ ಸುಮಾರು 120 ಕಿಲೋಮೀಟರ್ ದಾರಿ. ಬಲಕ್ಕೆ ಕಡಲು ಕಾಣಿಸಿಕೊಂಡು ಮರೆಯಾಗುತ್ತಿತ್ತು. ಗಂಗಾವಳಿ, ಅಘನಾಶಿನಿ, ಶರಾವತಿ ಒಂದೊಂದಾಗಿ ಅಡ್ಡ ಬಂದವು. ಪ್ರತಿ ಸೇತುವೆಯ ಮೇಲೂ ಆಯಿ ಕೈಮುಗಿದಳು. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಅದರ ಮೇಲೆ ಹಾಯುವಾಗ ನಮ್ಮೂರ ನೀರೂ ಈ ಶಿವನ ಕಡೆಗೇ ಹರಿಯುತ್ತಿದೆಯಲ್ಲ ಎಂದು ನನಗೆ ಕಣ್ಣು ತುಂಬಿತು.

ಗೋಕರ್ಣದಲ್ಲಿ ಕಡಲಿಗಿಳಿದು ಮಿಂದು, ಕೋಟಿತೀರ್ಥದ ನೀರು ತಲೆಗೆ ಹಾಕಿಕೊಂಡು, ರೂಢಿಯಂತೆ ಮೊದಲು ಮಹಾಗಣಪತಿಯ ಬಳಿಗೆ ಹೋದೆವು. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಅಜ್ಜಿಯೊಬ್ಬಳಿಂದ ಹೂವು ಕೊಂಡಿದ್ದೆವು. ಎರಡು ಕೈಗಳ, ನಿಂತ ಗಣಪತಿ. ರಾವಣನ ಗುದ್ದಿನ ಗುರುತು ಅವನ ತಲೆಯ ಮೇಲಿದೆ. ಮಗಳು ಅದನ್ನೇ ನೋಡುತ್ತ ಕೇಳಿದಳು, "ಅಮ್ಮಮ್ಮಾ, ರಾವಣ ಅಷ್ಟು ಕೆಟ್ಟವನಾದರೆ ಶಿವ ಅವನಿಗೆ ಯಾಕೆ ಆತ್ಮಲಿಂಗ ಕೊಟ್ಟ?"

"ತಾಯಿಯ ಪೂಜೆಗೆ ಬೇಕು ಎಂದು ಕೇಳಿದ್ದ ಮಗಾ. ತಾಯಿಗಾಗಿ ತಪಸ್ಸು ಮಾಡಿದವನಿಗೆ ಇಲ್ಲ ಎನ್ನಲು ಶಿವನಿಗೂ ಆಗಲಿಲ್ಲ," ಎಂದಳು ಆಯಿ.

ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಲಿಂಗದ ಬಹುಭಾಗ ನೆಲದೊಳಗೆ. ಅದನ್ನು ಪೂರ್ತಿ ತೆರೆದು ತೋರಿಸುವುದು ನಲವತ್ತು ವರ್ಷಕ್ಕೊಮ್ಮೆ, ಲಿಂಗವನ್ನು ಪೀಠಕ್ಕೆ ಹೊಸದಾಗಿ ಬಿಗಿಯುವ ಅಷ್ಟಬಂಧದ ಹೊತ್ತಿನಲ್ಲಿ. ಉಳಿದ ದಿನಗಳಲ್ಲಿ ಪಾಣಿಪೀಠದ ರಂಧ್ರಕ್ಕೆ ಬೆರಳಿಳಿಸಿ ತುದಿಯನ್ನು ಮುಟ್ಟಬೇಕು. ನೋಡಿ ನಂಬುವ ದೇವರಲ್ಲ ಇವನು, ಮುಟ್ಟಿ ತಿಳಿಯುವವನು. ಮಂಡಿನೋವಿನ ಆಯಿ ಅಳಿಯನ ತೋಳು ಹಿಡಿದು ಬಾಗಿದಳು. ಎದ್ದ ಮೇಲೆ ಆ ಬೆರಳನ್ನು ಸೆರಗಿನಿಂದ ಒರೆಸಲಿಲ್ಲ, ಮಗಳ ಹಣೆಗೆ ಒತ್ತಿದಳು.

ಧಾರೇಶ್ವರದಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಗುಣವಂತೆಯಲ್ಲಿ ಮಾತ್ರ ಸಮಯ ಹೋದದ್ದೇ ತಿಳಿಯಲಿಲ್ಲ. ಕೆರೆಮನೆ ಯಕ್ಷಗಾನ ಮೇಳದ ಊರು ಅದು. ಗೋಕರ್ಣದ ಸಾಲು, ಮುರುಡೇಶ್ವರದ ಜನಜಂಗುಳಿ ಎರಡೂ ಇಲ್ಲಿಲ್ಲ. ಶಂಭುಲಿಂಗನ ಎದುರು ಆಯಿ ಕಾಲು ಚಾಚಿ ಕುಳಿತು ಪಂಚಾಕ್ಷರಿ ಜಪಿಸಿದಳು. ಅವಳ ಪಕ್ಕದಲ್ಲಿ ನಾನು ಆ ಎಸೆದ ವಸ್ತುಗಳ ಬಗ್ಗೆಯೇ ಯೋಚಿಸುತ್ತಿದ್ದೆ. ಮುಚ್ಚಳವೆಂದರೆ ಏನು, ದಾರವೆಂದರೆ ಏನು? ಒಳಗಿನದನ್ನು ತೆಗೆದ ಮೇಲೆ ಬೇಡವಾಗುವಂಥವು. ಅವೂ ಲಿಂಗವಾದವು. ಪ್ರಸಾದ ಕಟ್ಟಿದ ಬಾಳೆಲೆಯನ್ನು ಎಸೆಯುವ ಮುನ್ನ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಹಾಗೆ ಇಡೀ ಕರಾವಳಿ ಆ ದಾರ, ಬಟ್ಟೆಗಳನ್ನು ಕಣ್ಣಿಗೊತ್ತಿಕೊಂಡು ಗುಡಿ ಕಟ್ಟಿದೆ. ಆಯಿಯ ಹಾಗೆ ಬದುಕಿಡೀ ಒಲೆ, ಕೊಟ್ಟಿಗೆ, ಬಾಣಂತನಗಳಲ್ಲಿ ಕಳೆದು, ದೇವರ ಮುಂದೆ ಕೂರಲು ಬಿಡುವೇ ಸಿಗದ ಹೆಂಗಸರು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ಅವರು ಪೂಜೆ ಮಾಡಿದ್ದಕ್ಕಿಂತ ಪೂಜೆಗೆ ಅಣಿ ಮಾಡಿಕೊಟ್ಟದ್ದೇ ಹೆಚ್ಚು. ಶಿವ ಅವರನ್ನೂ ತನ್ನವರೆಂದೇ ಎಣಿಸಿರುತ್ತಾನೆ ಎಂಬುದಕ್ಕೆ ಈ ನಾಲ್ಕು ಗುಡಿಗಳಿಗಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಮುರುಡೇಶ್ವರ ಮುಟ್ಟಿದಾಗ ಹೊತ್ತು ಇಳಿದಿತ್ತು. ಮೂರು ಕಡೆ ನೀರಿರುವ ಕಂದುಕಗಿರಿ, 20 ಅಂತಸ್ತಿನ ರಾಜಗೋಪುರ, 123 ಅಡಿಯ ಶಿವ. ಮಕ್ಕಳು ಮೂರ್ತಿಯ ಬುಡದ ಗುಹೆಗೆ ಹೋಗಿ, ಬೆಳಿಗ್ಗೆಯಿಂದ ಕೇಳಿದ ಕಥೆಯನ್ನೇ ಬೊಂಬೆಗಳಲ್ಲಿ ಕಂಡು ಕುಣಿದಾಡಿದರು. ಆಯಿ ಮಾತ್ರ ನೇರ ಗರ್ಭಗುಡಿಯ ಮುಂದೆ ನಿಂತಳು. ಹೊರಗೆ ಆಕಾಶದೆತ್ತರ ಕುಳಿತವನು ಒಳಗೆ ನೆಲಮಟ್ಟಕ್ಕಿಂತ ಕೆಳಗೆ, ದೀಪ ಹಿಡಿದರಷ್ಟೇ ಕಾಣುವಂತೆ ಇದ್ದಾನೆ. ಸೋಮವಾರದ ಪ್ರದೋಷ. ಸೂರ್ಯ ಕಡಲಿಗೆ ತಾಗುವ ಹೊತ್ತಿಗೆ ಮಂಗಳಾರತಿಯಾಯಿತು. ರಾವಣ ತಪ್ಪಿಸಲಾರೆನೆಂದು ನಿಂತದ್ದು ಇದೇ ಸಂಧಿಕಾಲಕ್ಕಲ್ಲವೇ? ನನ್ನವರು ದಂಡೆಗಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಅರ್ಘ್ಯ ಕೊಟ್ಟರು. ಕಚೇರಿಯ ದಿನಗಳಲ್ಲಿ ಬಸ್ಸಿನಲ್ಲೇ ಕಳೆದುಹೋಗುವ ಹೊತ್ತು ಅದು.

ಐದೂ ಆಯಿತು, ಹರಕೆ ತೀರಿತು ಎಂದುಕೊಂಡೆ. ಆಯಿ ಒಪ್ಪಲಿಲ್ಲ. "ಇಷ್ಟೆಲ್ಲ ಆದದ್ದು ಆ ಹುಡುಗನಿಂದ. ಇಡಗುಂಜಿಗೆ ಹೋಗದೆ ಘಟ್ಟ ಹತ್ತುವುದುಂಟೇ?" ಎಂದಳು. ರಾತ್ರಿ ಅಲ್ಲಿಯೇ ತಂಗಿ, ಮರುದಿನ ಬೆಳಿಗ್ಗೆ ಇಡಗುಂಜಿಯ ಗಣಪತಿಗೆ ಗರಿಕೆ ಅರ್ಪಿಸಿ, ಪಂಚಕಜ್ಜಾಯ ಕಟ್ಟಿಸಿಕೊಂಡು ಹೊರಟೆವು.